ಎಸ್ಪಾನ್ಯೊಲಾ ದ್ವೀಪದ ದಿನ: ಬೆಳಗ್ಗೆ ಗಾರ್ಡ್‌ನರ್ ಬೇ, ಮಧ್ಯಾಹ್ನ ಪುಂಟಾ ಸುವಾರೆಸ್. ಹೋಗಿ ಬಂದವರು ಹೇಳಿ

ಕಡಲಕಾಗೆ:
ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಮೊದಲ ವಾರ ಎಕ್ವಡಾರ್ ದೇಶದ ಗಲಪಗೋಸ್ ದ್ವೀಪಗಳಿಗೆ ಹೊರಟಿದ್ದೇವೆ. ನಾನು, ನಮ್ಮೆಜಮಾನರು, ನಮ್ಮಪ್ಪ. ಹದಿನಾರು ಜನ ಹಿಡಿಸುವ ಸಣ್ಣ ಹಡಗು. ಅದರಲ್ಲಿ ಒಂದು ಪೂರ್ತಿ ದಿನ ಎಸ್ಪಾನ್ಯೊಲಾ ದ್ವೀಪಕ್ಕೆ ಇಟ್ಟಿದ್ದಾರೆ. ಬೆಳಗ್ಗೆ ಗಾರ್ಡ್‌ನರ್ ಬೇ ಬೀಚು ಮತ್ತು ಸ್ನಾರ್ಕಲಿಂಗ್ (ಬಾಯಲ್ಲಿ ಕೊಳವೆ ಇಟ್ಟುಕೊಂಡು ತೇಲುತ್ತಾ ನೀರೊಳಗೆ ನೋಡೋದು). ಊಟ ಆದಮೇಲೆ ಪುಂಟಾ ಸುವಾರೆಸ್ ನಡಿಗೆ.

ನನಗೆ ಆಲ್ಬಟ್ರಾಸ್ ಅನ್ನೋ ದೊಡ್ಡ ಕಡಲಹಕ್ಕಿ ನೋಡಬೇಕು. ಉಳಿದಿದ್ದೆಲ್ಲ ಆಮೇಲೆ. ಹಾಗಾಗಿ ಪುಂಟಾ ಸುವಾರೆಸ್ ಬೆಳಗ್ಗೆಯೇ ಮಾಡಿಸಿ ಅಂತ ಕೇಳಬಹುದಾ? ಅಪ್ಪನಿಗೆ 68, ಮಂಡಿನೋವು ಇದೆ, ಆದರೆ ಹಟ ಜಾಸ್ತಿ. ಆ ದಾರಿ ಅವರಿಗೆ ಆಗುತ್ತಾ? ಒಂದು ದಿನ ನಿಜವಾಗಿ ಹೇಗೆ ಸಾಗುತ್ತದೆ ಅಂತ ಯಾರಾದರೂ ಬಿಡಿಸಿ ಹೇಳಿದರೆ ಉಪಕಾರ ಆಗುತ್ತೆ. ಕಂಪನಿಯವರು ಕಳಿಸಿದ ಪಿಡಿಎಫ್‌ನಲ್ಲಿ ಬರೀ ಫೋಟೋ ಇದೆ.

ಹಕ್ಕಿಮರುಳ:
ಮೇಡಂ, ಮೊದಲ ಪ್ರಶ್ನೆಗೆ ಉತ್ತರ ಸುಲಭ. ಆಗಲ್ಲ. ಯಾವ ಹಡಗು ಯಾವ ದಿನ ಯಾವ ಹೊತ್ತಿಗೆ ಎಲ್ಲಿ ಇರಬೇಕು ಅನ್ನುವುದು ನ್ಯಾಷನಲ್ ಪಾರ್ಕ್‌ನವರು ಒಪ್ಪಿದ ವೇಳಾಪಟ್ಟಿ. ಕ್ಯಾಪ್ಟನ್‌ಗೂ ಅದನ್ನು ಬದಲಿಸುವ ಹಕ್ಕಿಲ್ಲ. 2012ರಿಂದ ಇನ್ನೊಂದು ನಿಯಮವೂ ಇದೆ. ಹೆಚ್ಚಿನ ತಾಣಗಳಿಗೆ ಒಂದೇ ಹಡಗು 14 ದಿನದೊಳಗೆ ಎರಡನೇ ಸಲ ಹೋಗುವ ಹಾಗಿಲ್ಲ. ಹಾಗಾಗಿ ಬೆಳಗ್ಗೆ ಮಧ್ಯಾಹ್ನ ಅಂತ ತಲೆ ಕೆಡಿಸಿಕೊಳ್ಳಬೇಡಿ. ಆ ಮಧ್ಯಾಹ್ನದ ಎರಡೂವರೆ ಮೂರು ಗಂಟೆಯನ್ನು ಎಲ್ಲಿ ಖರ್ಚು ಮಾಡಬೇಕು ಅನ್ನುವುದನ್ನು ಯೋಚಿಸಿ. ಅದು ನಿಮ್ಮ ಕೈಯಲ್ಲಿದೆ.

ನಾನು ಹೋಗಿದ್ದು ಸೆಪ್ಟೆಂಬರ್‌ನಲ್ಲಿ. ಆ ದಿನ ಹೇಗಿತ್ತು ಅಂತ ಹೇಳ್ತೀನಿ.

ಹಿಂದಿನ ರಾತ್ರಿ ಊಟಕ್ಕೆ ಮುಂಚೆ ಗೈಡ್ ಮರುದಿನದ ವಿವರ ಕೊಡುತ್ತಾರೆ. ಯಾವ ಇಳಿತ ಒದ್ದೆ, ಯಾವುದು ಒಣ, ಯಾವ ಶೂ, ನೀರು ಎಷ್ಟು ತಣ್ಣಗೆ, ಎಲ್ಲ. ಆಮೇಲೆ ನೀವು ಮಲಗಿದ್ದಾಗ ಹಡಗು ಸಾಗುತ್ತದೆ. ಎಸ್ಪಾನ್ಯೊಲಾ ಇರುವುದು ದ್ವೀಪಗಳ ಸಾಲಿನ ಆಗ್ನೇಯ ಮೂಲೆಯಲ್ಲಿ, ಪೂರ್ತಿ ತೆರೆದ ಸಮುದ್ರ. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಅಲೆ ಜೋರು. ಸಣ್ಣ ಹಡಗು ಚೆನ್ನಾಗಿಯೇ ತೂಗಾಡುತ್ತೆ. ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ತಗೊಂಡರೆ ಪ್ರಯೋಜನ ಇಲ್ಲ, ಮಲಗುವ ಮುಂಚೆಯೇ ನುಂಗಿ.

ಏಳು ಗಂಟೆಗೆ ತಿಂಡಿ. ಎಂಟಕ್ಕೆ ಪಂಗಾ ಹತ್ತಬೇಕು. ಪಂಗಾ ಅಂದರೆ ಹಡಗಿನ ಜೊತೆ ಇರುವ ರಬ್ಬರ್ ದೋಣಿ. ಹತ್ತುವಾಗ ಇಳಿಯುವಾಗ ಹಡಗಿನವರ ಬೆರಳು ಹಿಡಿಯಬೇಡಿ, ಮುಂಗೈ ಹಿಡಿಯಿರಿ. ಅವರೂ ನಿಮ್ಮ ಮುಂಗೈ ಹಿಡಿಯುತ್ತಾರೆ. ಒದ್ದೆ ಕೈ ಜಾರಿದರೂ ಹಿಡಿತ ತಪ್ಪಲ್ಲ. ಅಪ್ಪನಿಗೆ ಇದನ್ನು ಮೊದಲೇ ಹೇಳಿಕೊಡಿ.

ಗಾರ್ಡ್‌ನರ್ ಬೇ ಒದ್ದೆ ಇಳಿತ. ಮೊಣಕಾಲುದ್ದ ನೀರಿಗೆ ಕಾಲಿಟ್ಟು ನಡೆದುಕೊಂಡು ಬೀಚಿಗೆ. ಬಿಳಿ ಮರಳು, ಉದ್ದಕ್ಕೂ ಸೀ ಲಯನ್‌ಗಳು (ಸೀಲ್‌ನಂಥ ಕಡಲಪ್ರಾಣಿ) ಮಲಗಿರುತ್ತವೆ. ಗಲಪಗೋಸ್‌ನಲ್ಲಿ ಗೈಡ್ ಪಕ್ಕದಲ್ಲಿಲ್ಲದೆ ನೀವೇ ಓಡಾಡಬಹುದಾದ ಕೆಲವೇ ಜಾಗಗಳಲ್ಲಿ ಇದೂ ಒಂದು, ಮರಳು ಬಿಟ್ಟು ಒಳಗೆ ಹೋಗಬಾರದು ಅಷ್ಟೇ. ನಿಮ್ಮಪ್ಪನಿಗೆ ಹೇಳಿ ಮಾಡಿಸಿದ ಜಾಗ. ಸುಮ್ನೆ ಕೂತರೆ ಸಾಕು. ಮರಿಗಳು ಹತ್ತಿರ ಬಂದು ಮೂಸಿ ನೋಡುತ್ತವೆ. ಮುಟ್ಟಬೇಡಿ. ತಾಯಿ ಮರಿಯನ್ನು ಗುರುತಿಸುವುದು ವಾಸನೆ ಮತ್ತು ಕೂಗಿನಿಂದ. ನಮ್ಮ ವಾಸನೆ ಅಂಟಿದರೆ ತಾಯಿ ಹಾಲು ಕೊಡದೆ ಬಿಡಬಹುದು ಅಂತ ನಮ್ಮ ಗೈಡ್ ಹೇಳಿದರು. ನೀರಿನಂಚಿನಲ್ಲಿ ಬೊಗಳುತ್ತಾ ಓಡಾಡುವ ದೊಡ್ಡ ಗಂಡು ಒಂದು ಇರುತ್ತೆ. ಆ ತೀರ ಅದರದ್ದು. ಅದಕ್ಕೂ ನೀರಿಗೂ ನಡುವೆ ನಿಲ್ಲಬೇಡಿ.

ಆಮೇಲೆ ಸ್ನಾರ್ಕಲಿಂಗ್. ಆ ಕಾಲದಲ್ಲಿ ನೀರು 20 ಡಿಗ್ರಿ ಆಸುಪಾಸು. ವೆಟ್‌ಸೂಟ್ (ಮೈ ಬೆಚ್ಚಗಿಡುವ ಈಜುಡುಗೆ) ಇಲ್ಲದೆ ಹತ್ತು ನಿಮಿಷಕ್ಕೆ ಹಲ್ಲು ಕಟಕಟ ಅನ್ನುತ್ತೆ. ಮೀನುಗಳ ದಂಡು, ಮರಳಿನಲ್ಲಿ ತೊರಕೆ ಮೀನು (ಸ್ಟಿಂಗ್‌ರೇ), ಕಲ್ಲಿನ ಸಂದಿಯಲ್ಲಿ ಮಲಗಿರುವ ಬಿಳಿ ತುದಿಯ ರೀಫ್ ಶಾರ್ಕ್. ಸೀ ಲಯನ್ ಮರಿಗಳು ಮುಖದ ಹತ್ತಿರ ಬಂದು ಗುಳ್ಳೆ ಬಿಟ್ಟು ತಿರುಗುತ್ತವೆ. ನೀವು ಒಂದು ಸುತ್ತು ಮುಳುಗಿ ಎದ್ದರೆ ಅವಕ್ಕೆ ಇನ್ನೂ ಉತ್ಸಾಹ.

ಹಡಗಿಗೆ ವಾಪಸ್, ಬಿಸಿ ಏನಾದರೂ ಕುಡಿದು, ಊಟ. ಊಟ ಆದಮೇಲೆ ಮಲಗಿ. ನಿಜವಾಗಲೂ ಮಲಗಿ. ಡೆಕ್ ಮೇಲೆ ಕೂತು ಹರಟೆ ಹೊಡೆದವರೆಲ್ಲ ನಮ್ಮ ಗುಂಪಿನಲ್ಲಿ ಮೂರೂವರೆಗೆ ತೂಕಡಿಸುತ್ತಿದ್ದರು.

ಪುಂಟಾ ಸುವಾರೆಸ್ ಬಗ್ಗೆ ಬೇರೆಯಾಗಿಯೇ ಬರೆಯುತ್ತೇನೆ, ಅದು ಉದ್ದ ಇದೆ.

ಲೆನ್ಸ್‌ಗುರು:
ಹಕ್ಕಿಮರುಳ ಅವರೇ, ಎಲ್ಲ ಸರಿ. ಆದರೆ ಗೈಡ್‌ಗಳು ಮಾಡುವ ಗಡಿಬಿಡಿ ಬಗ್ಗೆಯೂ ಬರೀರಿ. ನಮ್ಮ ಗೈಡ್ ‘ಮುಂದೆ ಹೋಗೋಣ, ಮುಂದೆ ಹೋಗೋಣ’ ಅಂತ ಒಂದೇ ಸಮನೆ. ಇಗುವಾನಾ (ಉಡದಂಥ ದೊಡ್ಡ ಹಲ್ಲಿ) ಹತ್ತಿರ ಬೆಳಕು ಬರೋ ಹೊತ್ತಿಗೆ ನಮ್ಮನ್ನು ಎಬ್ಬಿಸಿಕೊಂಡು ಹೊರಟರು. ಇಷ್ಟು ದುಡ್ಡು ಕೊಟ್ಟು ಕುರಿ ಮಂದೆ ಥರ ಹೋಗಬೇಕಾ?

ಹಕ್ಕಿಮರುಳ:
ಅದಕ್ಕೇ ಬರ್ತಿದ್ದೀನಿ, ಗುರುಗಳೇ.

ಪುಂಟಾ ಸುವಾರೆಸ್ ಒಣ ಇಳಿತ. ಒಣ ಅಂದರೂ ಇಳಿಯುವ ಮೆಟ್ಟಿಲ ಮೇಲೆ ಸೀ ಲಯನ್ ಮಲಗಿರುತ್ತೆ, ಅದು ಎದ್ದು ಹೋಗುವ ತನಕ ಕಾಯಬೇಕು. ಇಳಿದ ಕೂಡಲೇ ಬೀಚಿನಲ್ಲಿ ಇಗುವಾನಾಗಳ ರಾಶಿ. ಒಂದರ ಮೇಲೊಂದು ಬಿದ್ದುಕೊಂಡು ಬಿಸಿಲು ಕಾಯಿಸುತ್ತಿರುತ್ತವೆ. ಈ ದ್ವೀಪದವಕ್ಕೆ ಮೈಮೇಲೆ ಕೆಂಪು ಛಾಯೆ, ಮರಿ ಮಾಡುವ ಕಾಲಕ್ಕೆ ಅದಕ್ಕೆ ಹಸಿರೂ ಸೇರುತ್ತದೆ. ಬೇರೆ ದ್ವೀಪಗಳ ಇಗುವಾನಾ ಹೆಚ್ಚಾಗಿ ಕಪ್ಪು. ಸಮುದ್ರದ ಪಾಚಿ ತಿಂದಾಗ ಒಳಗೆ ಹೋದ ಉಪ್ಪನ್ನು ಮೂಗಿನಿಂದ ಪಿಚಕ್ ಅಂತ ಸೀನಿ ಹೊರಗೆ ಹಾಕುತ್ತವೆ. ತಲೆ ಮೇಲೆಲ್ಲ ಬಿಳಿ ಪುಡಿ ಕೂತಿರುತ್ತಲ್ಲ, ಅದು ಆ ಉಪ್ಪೇ. ಸಮುದ್ರದ ನೀರು ಬಿಸಿಯಾಗುವ ಎಲ್ ನಿನ್ಯೋ ವರ್ಷಗಳಲ್ಲಿ ಪಾಚಿ ಸತ್ತು ಹೊಟ್ಟೆಗಿಲ್ಲದಾಗ ಇವುಗಳ ಮೈಯುದ್ದವೇ ಕುಗ್ಗುತ್ತದೆ. ತೂಕ ಇಳಿಯುವುದಲ್ಲ, ಉದ್ದ. ಆಹಾರ ಸಿಕ್ಕಮೇಲೆ ಮತ್ತೆ ಬೆಳೆಯುತ್ತವೆ.

ಎಲ್ಲರೂ ಇಲ್ಲೇ ಅರ್ಧ ಗಂಟೆ ಕಳೆಯುತ್ತಾರೆ. ಆಲ್ಬಟ್ರಾಸ್ ಇರುವುದು ದಾರಿಯ ಆ ಕಡೆ, ಬಂಡೆಯಂಚಿನ ಹತ್ತಿರ. ದಾರಿ ಸುತ್ತು ಹಾಕಿಕೊಂಡು ಮತ್ತೆ ಇದೇ ಬೀಚಿಗೆ ಬರುತ್ತದೆ. ಅಂದರೆ ಇಗುವಾನಾ ವಾಪಸ್ ಬರುವಾಗಲೂ ಇರುತ್ತೆ! ನಾವು ಹಿಂದಿನ ರಾತ್ರಿಯೇ ಗೈಡ್ ಹತ್ತಿರ ಹೋಗಿ, ಬೀಚಿನಲ್ಲಿ ಕಡಿಮೆ ಹೊತ್ತು, ಆಲ್ಬಟ್ರಾಸ್ ಹತ್ತಿರ ಜಾಸ್ತಿ ಹೊತ್ತು ಅಂತ ಕೇಳಿಕೊಂಡೆವು. ಗುಂಪಿನ ಉಳಿದವರೂ ಹೂಂ ಅಂದರು. ಅವರಿಗೂ ಅದು ಖುಷಿಯೇ. ಗೈಡ್ ಅವಸರ ಮಾಡುವುದು ತಮಗೋಸ್ಕರ ಅಲ್ಲ. ಆರು ಗಂಟೆಗೆ ತಾಣ ಮುಚ್ಚುತ್ತದೆ, ಅಷ್ಟರೊಳಗೆ ಎಲ್ಲರನ್ನೂ ದೋಣಿಗೆ ಹತ್ತಿಸಬೇಕು. ಒಬ್ಬ ಗೈಡ್‌ಗೆ 16 ಜನ ಮಿತಿ. ಹಿಂದೆ ಇನ್ನೊಂದು ಗುಂಪು ಬರುತ್ತಿದ್ದರೆ ಅವರಿಗೂ ದಾರಿ ಬಿಡಬೇಕು. ದಾರಿ ಒಂದಾಳು ಅಗಲ.

ಈಗ ಆಲ್ಬಟ್ರಾಸ್. ಅಲೆಯಂಥ ಗೆರೆಗಳ ಎದೆಯ ಈ ಜಾತಿ ಪ್ರಪಂಚದಲ್ಲಿ ಹೆಚ್ಚು ಕಡಿಮೆ ಪೂರ್ತಿ ಇದೊಂದೇ ದ್ವೀಪದಲ್ಲಿ ಮರಿ ಮಾಡುತ್ತದೆ. ಎಕ್ವಡಾರ್ ತೀರದ ಹತ್ತಿರದ ಇನ್ನೊಂದು ದ್ವೀಪದಲ್ಲಿ ಬೆರಳೆಣಿಕೆಯಷ್ಟು ಜೋಡಿ ಅಷ್ಟೇ. ಏಪ್ರಿಲ್ ಹೊತ್ತಿಗೆ ಬಂದು ಡಿಸೆಂಬರ್ ತನಕ ಇರುತ್ತವೆ. ಒಂದೇ ಮೊಟ್ಟೆ, ಗೂಡಿಲ್ಲ, ಬರೀ ನೆಲ. ನಿಮ್ಮ ಅಕ್ಟೋಬರ್‌ಗೆ ಮರಿಗಳು ದೊಡ್ಡದಾಗಿರುತ್ತವೆ. ಕಂದು ತುಪ್ಪಳದ ದೊಡ್ಡ ಮುದ್ದೆ, ಅದಕ್ಕೊಂದು ಕೊಕ್ಕು. ಪೊದೆ ಪಕ್ಕ ಕೂತು ಅಪ್ಪ ಅಮ್ಮನ ದಾರಿ ಕಾಯುತ್ತಿರುತ್ತವೆ.

ಆ ತಿಂಗಳ ಇನ್ನೊಂದು ಲಾಭ ಅಂದರೆ ಜೋಡಿಗಳ ಕುಣಿತ. ಋತುವಿನ ಕೊನೆಗೆ ಅದು ಜಾಸ್ತಿ. ನಾವು ನೋಡಿದ ಜೋಡಿ ದಾರಿಯಿಂದ ಮೂರು ಮೀಟರ್ ದೂರದಲ್ಲಿತ್ತು. ಎದುರುಬದುರು ನಿಂತು ಹಳದಿ ಕೊಕ್ಕನ್ನು ಕೋಲಾಟದ ಕೋಲಿನ ಹಾಗೆ ಪಟಪಟ ತಾಗಿಸಿದವು. ನಿಲ್ಲಿಸಿದವು. ಒಂದು ಬಾಯಿ ಅಗಲಿಸಿ ಹಾಗೇ ನಿಂತಿತು. ಇನ್ನೊಂದು ಕುತ್ತಿಗೆ ನೆಟ್ಟಗೆ ಮಾಡಿ ಮೇಲೆ ನೋಡಿ ‘ಊ’ ಅಂತು. ಮತ್ತೆ ಪಟಪಟ. ನಡುವೆ ಒಂದಕ್ಕೆ ಬೇಜಾರಾಯಿತೋ ಏನೋ, ನಾಲ್ಕು ಹೆಜ್ಜೆ ಆ ಕಡೆ ಹೋಗಿ ನೆಲ ನೋಡುತ್ತಾ ನಿಂತಿತು. ಇದು ಹಿಂದೆಯೇ ಹೋಗಿ ತಲೆ ಬಗ್ಗಿಸಿ ಕರೆದುಕೊಂಡು ಬಂತು. ನಮ್ಮ ಗುಂಪಿನಲ್ಲಿ ಒಬ್ಬರೂ ಮಾತಾಡಲಿಲ್ಲ, ಕ್ಯಾಮೆರಾದವರನ್ನೂ ಸೇರಿಸಿ.

ಹಾರುವುದನ್ನು ನೋಡಬೇಕಾದರೆ ಬಂಡೆಯಂಚಿನಲ್ಲಿ ಕಾಯಬೇಕು. ರೆಕ್ಕೆ ಬಿಚ್ಚಿದರೆ ಎರಡು ಮೀಟರ್‌ಗೂ ಮೇಲೆ, ಆದರೆ ನೆಲದ ಮೇಲೆ ನಡಿಗೆ ನೋಡಿದರೆ ಅಯ್ಯೋ ಅನಿಸುತ್ತೆ. ಆ ಕಡೆ ಈ ಕಡೆ ವಾಲಿಕೊಂಡು ಅಂಚಿಗೆ ಬಂದು, ಗಾಳಿ ನೋಡಿ, ರೆಕ್ಕೆ ಬಿಚ್ಚಿ ಕೆಳಕ್ಕೆ ಬಿದ್ದುಬಿಡುತ್ತದೆ. ಆಮೇಲೆ ರೆಕ್ಕೆ ಒಂದು ಸಲವೂ ಬಡಿಯದೆ ನಮ್ಮ ಕಣ್ಣೆದುರಿಗೇ ಮೇಲೆ ಬರುತ್ತೆ. ಪಕ್ಕದಲ್ಲೇ ಬಂಡೆ ಬಿರುಕಿನಿಂದ ಅಲೆ ನೀರು ಬುಸ್ ಅಂತ 20 ಮೀಟರ್ ಸುಮಾರಿಗೆ ಚಿಮ್ಮುತ್ತದೆ. ಎಲ್ಲರ ಫೋಟೋದಲ್ಲೂ ಅದಿರುತ್ತೆ.

ಮಂಡಿನೋವಿನ ವಿಷಯ: ದೂರ ಜಾಸ್ತಿ ಇಲ್ಲ, ಸುಮಾರು ಎರಡು ಕಿಲೋಮೀಟರ್. ಆದರೆ ನೆಲ ಇಲ್ಲ, ಬರೀ ಗುಂಡುಕಲ್ಲು. ಒಂದರಿಂದ ಇನ್ನೊಂದಕ್ಕೆ ಕಾಲಿಡಬೇಕು. ಅಪ್ಪನಿಗೆ ಸಮತೋಲನ ಇದ್ದರೆ ನಿಧಾನಕ್ಕೆ ಆಗುತ್ತೆ. ರಬ್ಬರ್ ತುದಿ ಇರುವ ಕೋಲು ತಗೊಳ್ಳಿ. ಆಗಲ್ಲ ಅನಿಸಿದರೆ ಮೊದಲೇ ಗೈಡ್‌ಗೆ ಹೇಳಿ, ನಡುದಾರಿಯಲ್ಲಿ ಹೇಳಬೇಡಿ. ಗುಂಪು ಬಿಟ್ಟು ಒಬ್ಬರೇ ವಾಪಸ್ ಬರುವ ಹಾಗಿಲ್ಲ.

ಚುಕ್ಕಿಜಿಂಕೆ:
ಇದನ್ನ ಹಾಗೇ ಸೇವ್ ಮಾಡಿಕೊಂಡೆ. ಬೀಚಿನಲ್ಲಿ ಕಡಿಮೆ ಹೊತ್ತು ಅನ್ನೋ ಉಪಾಯ ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು.

ಲೆನ್ಸ್‌ಗುರು:
ಒಪ್ಪಿದೆ. ಆದರೂ ಪ್ರಾಣಿಗಳಿಂದ 2 ಮೀಟರ್ ದೂರ ಇರಬೇಕು ಅನ್ನೋ ನಿಯಮಕ್ಕೆ ಅರ್ಥ ಇಲ್ಲ ಬಿಡಿ. ಪ್ರಾಣಿಯೇ ನನ್ನ ಕಾಲ ಮೇಲೆ ಹತ್ತಿದರೆ ನಾನೇನು ಮಾಡಲಿ?

ಮಳೆಬಿಲ್ಲು:
ಹಿಂದೆ ಸರಿಯಿರಿ, ಇನ್ನೇನು! ನಾವು ಇಟ್ಟುಕೊಳ್ಳಬೇಕಾದ ದೂರ ಅದು, ಅವು ಇಟ್ಟುಕೊಳ್ಳಬೇಕಾದ್ದಲ್ಲ. ನಮ್ಮ ಹಡಗಿನಲ್ಲಿ ಒಬ್ಬರು ಸೆಲ್ಫಿಗೆ ಅಂತ ಮರಿ ಪಕ್ಕ ಅಂಗಾತ ಮಲಗಿಬಿಟ್ಟರು. ಗೈಡ್ ಕೂಗಾಡಲಿಲ್ಲ. ಹತ್ತಿರ ಹೋಗಿ ಮೆಲ್ಲಗೆ ಏನೋ ಹೇಳಿದರು. ಆ ಮನುಷ್ಯ ಪ್ರವಾಸ ಮುಗಿಯುವವರೆಗೆ ಎಲ್ಲರಿಗಿಂತ ಹಿಂದೆ ನಡೆದರು.

ನಾವು ಹೋಗಿದ್ದು ಜನವರಿಯಲ್ಲಿ, ಆಲ್ಬಟ್ರಾಸ್ ಇರಲಿಲ್ಲ. ಇದನ್ನು ಬುಕ್ ಮಾಡುವ ಮುಂಚೆ ಎಲ್ಲರೂ ನೋಡಿಕೊಳ್ಳಿ. ಆದರೆ ನೀರು ಬೆಚ್ಚಗಿತ್ತು, ಸಮುದ್ರವೂ ಸುಮ್ಮನಿತ್ತು. ನಾಸ್ಕಾ ಬೂಬಿ ಅನ್ನೋ ಕಡಲಹಕ್ಕಿಗಳ ಮರಿ ಕಾಲ ಅದು. ಅವು ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತವೆ. ಎರಡೂ ಒಡೆದರೆ ಮೊದಲು ಹುಟ್ಟಿದ್ದು ಎರಡನೆಯದನ್ನು ಗೂಡಿನಿಂದ ಆಚೆ ತಳ್ಳುತ್ತದೆ. ತಾಯಿ ಅಲ್ಲೇ ಕೂತಿರುತ್ತೆ, ಏನೂ ಮಾಡಲ್ಲ. ದಾರಿ ಪಕ್ಕದಲ್ಲೇ ಇದು ನಡೆದಿತ್ತು. ಹೊರಗೆ ಬಿದ್ದ ಮರಿ ಇನ್ನೂ ಕತ್ತು ಎತ್ತುತ್ತಿತ್ತು. ನನ್ನ ಮಗಳಿಗೆ ಒಂಬತ್ತು ವರ್ಷ. ಎತ್ತಿ ಒಳಗಿಡಿ ಅಂತ ಗೈಡ್ ಕೈ ಹಿಡಿದು ಅತ್ತಳು. ಅವರು ಮಂಡಿಯೂರಿ ಕೂತು ಅವಳ ಜೊತೆ ಮಾತಾಡಿದರು, ಮರಿಯನ್ನು ಮಾತ್ರ ಮುಟ್ಟಲಿಲ್ಲ. ಎರಡನೇ ಮೊಟ್ಟೆ ಇರುವುದೇ ಮೊದಲನೆಯದು ಕೆಟ್ಟರೆ ಇರಲಿ ಅಂತ. ಬುದ್ಧಿಗೆ ಅರ್ಥ ಆಗುತ್ತೆ. ನೋಡುವುದು ಕಷ್ಟ. ಚಿಕ್ಕ ಮಕ್ಕಳ ಜೊತೆ ಹೋಗುವವರು ಮೊದಲೇ ಹೇಳಿ ಕರೆದುಕೊಂಡು ಹೋಗಿ.

ಚುಕ್ಕಿಜಿಂಕೆ:
ಅಯ್ಯೋ ಪಾಪ. ನನಗೆ ನೀಲಿ ಕಾಲಿನ ಬೂಬಿ ಸಾಕಪ್ಪಾ. ಒಂದು ಕಾಲೆತ್ತಿ, ಇನ್ನೊಂದು ಕಾಲೆತ್ತಿ, ಹೆಣ್ಣಿನ ಮುಂದೆ ಶೋಕಿ ಮಾಡುತ್ತಿತ್ತು. ಆ ನೀಲಿ ತಿನ್ನುವ ಮೀನಿನಿಂದ ಬರೋದಂತೆ. ಮೀನು ಸಿಗದಿದ್ದರೆ ಕೆಲವೇ ದಿನದಲ್ಲಿ ಕಾಲು ಮಂಕಾಗುತ್ತೆ. ಹೆಣ್ಣು ಅದನ್ನೇ ನೋಡಿ ಆರಿಸಿಕೊಳ್ಳುವುದು. ಜಾತಕ ನೋಡೋದಕ್ಕಿಂತ ವಾಸಿ ಅಲ್ವಾ?

ಲೆಕ್ಕದಮಾವ:
ನಾನೊಂದು ಅಪಸ್ವರ ಎತ್ತುತ್ತೇನೆ. ಇದಕ್ಕೆಲ್ಲ ಕ್ರೂಸ್ ಯಾಕೆ? ಜನವಸತಿ ಇರುವ ಸಾನ್ ಕ್ರಿಸ್ಟೋಬಲ್ ದ್ವೀಪದಲ್ಲಿ ಹೋಟೆಲ್ ಮಾಡಿಕೊಂಡು ಸ್ಪೀಡ್ ಬೋಟ್‌ನಲ್ಲಿ ಎಸ್ಪಾನ್ಯೊಲಾ ನೋಡಿ ಸಂಜೆಗೆ ವಾಪಸ್ ಬರಬಹುದು. ಕಿಕ್ಕರ್ ರಾಕ್ ಅನ್ನೋ ಕಡಲ ನಡುವಿನ ಬಂಡೆಗೂ ಅಲ್ಲಿಂದಲೇ ಹೋಗಬಹುದು, ಅದೃಷ್ಟ ಇದ್ದರೆ ಸುತ್ತಿಗೆ ತಲೆ ಶಾರ್ಕ್ ಕಾಣುತ್ತೆ. ಕ್ರೂಸ್‌ಗೆ ಸುರಿಯೋ ದುಡ್ಡಿನಲ್ಲಿ ಇನ್ನೊಂದು ವಾರ ಇರಬಹುದು. ಪಾರ್ಕ್ ಪ್ರವೇಶವೇ ಈಗ ವಿದೇಶಿಯರಿಗೆ 200 ಡಾಲರ್, 2024ರ ಆಗಸ್ಟ್‌ವರೆಗೆ 100 ಇತ್ತು. ಮೇಲೆ ವಿಮಾನ ನಿಲ್ದಾಣದಲ್ಲಿ ಟ್ರಾನ್ಸಿಟ್ ಕಾರ್ಡ್‌ಗೆ (ದ್ವೀಪಗಳಿಗೆ ಹೋಗಿ ಬರುವ ಅನುಮತಿ ಚೀಟಿ) ಇನ್ನೂ 20. ಎಕ್ವಡಾರ್‌ನಲ್ಲಿ ಓಡೋದೇ ಡಾಲರ್, ಆದ್ದರಿಂದ ನಗದು ಕೈಯಲ್ಲಿರಲಿ.

ಹಕ್ಕಿಮರುಳ:
ಮಾವ, ದುಡ್ಡಿನ ಲೆಕ್ಕದಲ್ಲಿ ನೀವು ಗೆದ್ದಿರಿ. ಆದರೆ ಆ ಬೋಟಿನಲ್ಲಿ ಹೋಗೋಕೆ ಎರಡು ಗಂಟೆ, ಬರೋಕೆ ಎರಡು ಗಂಟೆ. ಅಕ್ಟೋಬರ್ ಅಲೆಗೆ ಸೊಂಟದ ಗತಿ ಕೇಳಬೇಡಿ. 68 ವರ್ಷದವರಿಗೆ ನಾನು ಹೇಳಲ್ಲ. ಕ್ರೂಸ್‌ನಲ್ಲಿ ಆ ಪ್ರಯಾಣ ನಿದ್ದೆಯಲ್ಲಿ ಮುಗಿಯುತ್ತೆ, ಎಂಟು ಗಂಟೆಗೆ ನೀವು ಬೀಚಿನಲ್ಲಿ ಇರ್ತೀರಿ. ನಾನು ದುಡ್ಡು ಕೊಟ್ಟಿದ್ದು ಅದಕ್ಕೇ. ಕ್ಯಾಬಿನ್ನಿನ ಅಂದಕ್ಕಲ್ಲ. ಹೆನೊವೇಸಾದಂಥ ದೂರದ ದ್ವೀಪಕ್ಕಂತೂ ಹಡಗೇ ಬೇಕು.

ಲೆಕ್ಕದಮಾವ:
ಅಪ್ಪನ ವಿಷಯದಲ್ಲಿ ಒಪ್ಪಿದೆ. ಮೂವತ್ತು ವರ್ಷದವರು ನನ್ನ ಮಾತು ಕೇಳಲಿ.

ಆಮೆನಡೆ:
ಎಸ್ಪಾನ್ಯೊಲಾದಲ್ಲಿ ದೈತ್ಯ ಆಮೆ ಕಾಣುತ್ತಾ? ಪತ್ರಿಕೆಗಳಲ್ಲಿ ಸುದ್ದಿಯಾದ ಡಿಯೆಗೊ ಅನ್ನೋ ಆಮೆ ಅಲ್ಲಿಯದೇ ಅಲ್ವಾ?

ಹಕ್ಕಿಮರುಳ:
ಅಲ್ಲಿಯದೇ. ಆದರೆ ಈ ಎರಡು ತಾಣಗಳಲ್ಲಿ ಆಮೆ ಸಿಗುತ್ತೆ ಅಂತ ಕಾಯಬೇಡಿ, ಅವು ಇರುವುದು ಒಳಭಾಗದಲ್ಲಿ. ಆಮೆಗೆ ಸಾಂಟಾ ಕ್ರೂಸ್ ದ್ವೀಪದ ಗುಡ್ಡದ ಮೇಲೆ ಹೋಗಬೇಕು.

ಕಥೆ ಮಾತ್ರ ಈ ದ್ವೀಪದ್ದೇ. ತಿಮಿಂಗಿಲ ಬೇಟೆಯವರು ಆಮೆಗಳನ್ನು ಊಟಕ್ಕೆ ಹೊತ್ತೊಯ್ದರು, ಉಳಿದ ಹಸಿರನ್ನು ಮೇಕೆಗಳು ಮೇಯ್ದವು. ಕೊನೆಗೆ ಇಡೀ ದ್ವೀಪದಲ್ಲಿ ಸಿಕ್ಕಿದ್ದು 14 ಆಮೆ, 12 ಹೆಣ್ಣು, 2 ಗಂಡು. ಅವನ್ನು ಸಾಂಟಾ ಕ್ರೂಸ್‌ಗೆ ತಂದು ಸಾಕಿದರು. ಸಾನ್ ಡಿಯೆಗೊ ಮೃಗಾಲಯದಲ್ಲಿದ್ದ ಇನ್ನೊಂದು ಗಂಡನ್ನೂ ಸೇರಿಸಿದರು, ಅದೇ ಡಿಯೆಗೊ. ಸುಮಾರು 2000 ಮರಿಗಳನ್ನು ದ್ವೀಪಕ್ಕೆ ಬಿಟ್ಟಮೇಲೆ, 2020ರ ಜೂನ್‌ನಲ್ಲಿ 15 ಹಿರಿಯರನ್ನೂ ವಾಪಸ್ ಬಿಟ್ಟರು. ಪತ್ರಿಕೆಯವರೆಲ್ಲ ಡಿಯೆಗೊ ಒಬ್ಬನೇ ಜಾತಿ ಉಳಿಸಿದ ಅಂತ ಬರೆದರು. ಡಿಎನ್‌ಎ ನೋಡಿದರೆ ಅವನ ಪಾಲು 40 ಪ್ರತಿಶತ. ಜಾಸ್ತಿ ಮರಿಗಳ ಅಪ್ಪ ಇನ್ನೊಬ್ಬ, ಇ-5 ಅಂತ ನಂಬರ್ ಇರುವವನು. ಗದ್ದಲ ಮಾಡದವನು, ಅದಕ್ಕೇ ಅವನಿಗೆ ಹೆಸರೂ ಇಲ್ಲ, ಸುದ್ದಿಯೂ ಇಲ್ಲ.

ಆಲ್ಬಟ್ರಾಸ್‌ಗೂ ಇದಕ್ಕೂ ನಂಟಿದೆ. 1978ಕ್ಕೆ ಮೇಕೆಗಳನ್ನು ಪೂರ್ತಿ ತೆಗೆದಮೇಲೆ ಪೊದೆ ಸಿಕ್ಕಾಪಟ್ಟೆ ಬೆಳೆಯಿತು. ಆಲ್ಬಟ್ರಾಸ್‌ಗೆ ಇಳಿಯೋಕೆ, ಓಡಿ ಹಾರೋಕೆ ಬಯಲು ಬೇಕು. ಆಮೆಗಳು ಗಿಡ ತುಳಿದು ಮುರಿದು ಆ ಬಯಲನ್ನು ಮತ್ತೆ ಮಾಡಿಕೊಡುತ್ತಿವೆ.

ಆಮೆನಡೆ:
ಇ-5ಗೆ ಜೈ.

ಮಳೆಬಿಲ್ಲು:
ಅಣಕುಹಕ್ಕಿ (ಮಾಕಿಂಗ್‌ಬರ್ಡ್) ಬಗ್ಗೆ ಯಾರೂ ಹೇಳಲಿಲ್ಲ! ಈ ದ್ವೀಪದ ಅಣಕುಹಕ್ಕಿಯೇ ಬೇರೆ ಜಾತಿ, ಕೊಕ್ಕು ಉದ್ದ, ಬಾಗಿದೆ. ದ್ವೀಪದಲ್ಲಿ ಸಿಹಿನೀರಿಲ್ಲ. ಬಾಟಲಿ ತೆಗೆದರೆ ಮುತ್ತಿಕೊಳ್ಳುತ್ತವೆ. ಒಂದು ನನ್ನ ಶೂ ಲೇಸ್ ಎಳೆದು ನೋಡಿ, ಆಮೇಲೆ ಬ್ಯಾಗಿನ ಜಿಪ್ ಕುಟ್ಟಿತು. ನೀರು ಕೊಡಬೇಡಿ, ಒಂದು ಹನಿಯೂ. ಮುದ್ದು ಅಂತ ಮೋಸ ಹೋಗಬೇಡಿ, ಗಾಯವಾದ ಸೀ ಲಯನ್ ರಕ್ತವನ್ನೂ ಕುಡಿಯುತ್ತೆ ಅದು. 1835ರಲ್ಲಿ ಡಾರ್ವಿನ್ ಒಂದೊಂದು ದ್ವೀಪದ ಅಣಕುಹಕ್ಕಿ ಒಂದೊಂದು ಥರ ಇರುವುದನ್ನು ಗಮನಿಸಿದ್ದ. ಈ ದ್ವೀಪಕ್ಕೆ ಮಾತ್ರ ಅವನು ಕಾಲಿಡಲೇ ಇಲ್ಲ.

ಕಡಲಕಾಗೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಗುಂಡುಕಲ್ಲು ಅಂದ ಕೂಡಲೇ ‘ನಾನು ನಡೀತೀನಿ’ ಅಂದರು. ಕೋಲು ಬೇಡವಂತೆ. ಅದನ್ನು ಆಮೇಲೆ ನೋಡ್ತೀನಿ. ಇನ್ನೆರಡು ಪ್ರಶ್ನೆ. ಕ್ಯಾಬಿನ್ ಮೇಲಿನ ಡೆಕ್ಕಿನಲ್ಲಿ ತಗೊಳ್ಳೋದಾ, ಕೆಳಗಾ? ಕಂಪನಿಯವರು ಮೇಲಿನದಕ್ಕೆ ಜಾಸ್ತಿ ಕೇಳ್ತಿದ್ದಾರೆ. ಮತ್ತೆ ಆ ದಿನ ತಾಣವೇ ಮುಚ್ಚಿದ್ದರೆ?

ಚುಕ್ಕಿಜಿಂಕೆ:
ಕೆಳಗೆ, ನಡುಭಾಗದಲ್ಲಿ. ಅಲ್ಲಿ ತೂಗಾಟ ಕಡಿಮೆ. ಮೇಲೆ ಕಿಟಕಿ ದೊಡ್ಡದು, ಆದರೆ ಹಗಲೆಲ್ಲ ನೀವು ಹೊರಗೇ ಇರ್ತೀರಲ್ಲ. ಇಂಜಿನ್ ರೂಮಿಗೆ ಅಂಟಿಕೊಂಡಿದೆಯಾ ಅಂತ ಮಾತ್ರ ಕೇಳಿಕೊಳ್ಳಿ.

ಹಕ್ಕಿಮರುಳ:
ಮುಚ್ಚುವುದು ಅಪರೂಪ, ಆದರೆ ಆಗಿದೆ. 2023ರ ಸೆಪ್ಟೆಂಬರ್‌ನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ಪಾರ್ಕ್‌ನವರು ಕೆಲವು ತಾಣ ಮುಚ್ಚಿದ್ದರು. ಹಾಗಾದರೆ ಹಡಗಿಗೆ ಬೇರೆ ಜಾಗ ಕೊಡುತ್ತಾರೆ. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವಾಗ ಶೂ ತೊಳೆಸುವುದೂ ಬೀಜ, ರೋಗ ಅಂಟಿಕೊಂಡು ಹೋಗಬಾರದು ಅಂತಲೇ. ಅಪ್ಪನ ಶೂ ತಳದ ಗೆರೆಗಳು ಆಳ ಇರಲಿ, ತೊಳೆಯೋಕೆ ಒಂದು ಹಳೇ ಬ್ರಷ್ಷೂ ಇಟ್ಟುಕೊಳ್ಳಿ. ವೆಟ್‌ಸೂಟ್ ಅಳತೆ ಹಡಗು ಹತ್ತಿದ ದಿನವೇ ಹಾಕಿ ನೋಡಿ, ಆಮೇಲೆ ಸರಿಯಾದದ್ದು ಉಳಿದಿರಲ್ಲ.